ಮೂತ್ರಕೋಶ ಬಾತು ರಕ್ತ ಬರುವಾಗ: ಕಾರಣ ಹುಡುಕುವ ಕ್ರಮ, ಚಿಕಿತ್ಸೆಯ ಹಂತಗಳು

ಮೂತ್ರ ಕೆಂಪಾದರೆ ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಮನೆಯಲ್ಲಿ ಮೊದಲು ಬರುವ ಮಾತು ‘ಉಷ್ಣ ಆಗೇತಿ’. ಹವೀಜದ (ಕೊತ್ತಂಬರಿ ಬೀಜದ) ನೀರು, ಜೀರಿಗೆ ನೀರು, ಎಳನೀರು ಕುಡಿಸುತ್ತಾರೆ. ಎರಡು ದಿನಕ್ಕೆ ಬಣ್ಣ ತಿಳಿಯಾಗುತ್ತದೆ, ಎಲ್ಲರೂ ಮರೆಯುತ್ತಾರೆ. ನೀರು ಕುಡಿದದ್ದು ಒಳ್ಳೆಯದೇ ಆಯಿತು. ಆದರೆ ರಕ್ತ ನಿಂತ ಮಾತ್ರಕ್ಕೆ ಕಾರಣ ಹೋಗಿರುವುದಿಲ್ಲ. ಮೂತ್ರಕೋಶದ ಕ್ಯಾನ್ಸರಿನಲ್ಲೂ ರಕ್ತ ಹೀಗೇ ಒಂದೆರಡು ದಿನ ಕಂಡು, ತಿಂಗಳುಗಟ್ಟಲೆ ಮಾಯವಾಗಿ ಮತ್ತೆ ಬರುತ್ತದೆ. ಹಾಗಾಗಿ ಕಣ್ಣಿಗೆ ಕಾಣುವಂತೆ ಒಂದೇ ಸಲ ರಕ್ತ ಬಂದರೂ ಕಾರಣ ಗೊತ್ತಾಗುವವರೆಗೆ ಬಿಡಬಾರದು.

ಮೂತ್ರಕೋಶದ ಒಳಪದರ ಬಾತು, ಅಲ್ಲಲ್ಲಿ ಕಿತ್ತು, ರಕ್ತ ಒಸರುವ ಸ್ಥಿತಿಗೆ ವೈದ್ಯರು ಹೆಮರೇಜಿಕ್ ಸಿಸ್ಟೈಟಿಸ್ ಎನ್ನುತ್ತಾರೆ. ಇದಕ್ಕೆ ಮುಖ್ಯ ಕಾರಣಗಳು ನಾಲ್ಕು: ಬ್ಯಾಕ್ಟೀರಿಯಾ ಸೋಂಕು, ವೈರಸ್, ಕೆಲವು ಕೀಮೋ ಔಷಧಿಗಳು, ಹೊಟ್ಟೆಯ ಕೆಳಭಾಗಕ್ಕೆ ಕೊಟ್ಟ ರೇಡಿಯೇಷನ್. ನಾಲ್ಕಕ್ಕೂ ಚಿಕಿತ್ಸೆ ಬೇರೆ ಬೇರೆ. ಒಂದರ ಔಷಧಿ ಇನ್ನೊಂದಕ್ಕೆ ಕೊಟ್ಟರೆ ಕೆಲಸವೂ ಆಗುವುದಿಲ್ಲ, ಸಮಯವೂ ಹೋಗುತ್ತದೆ.

ಮೊದಲು ತುರ್ತಿನ ಮಾತು

ಕೆಳಗಿನ ಯಾವುದಾದರೂ ಒಂದಿದ್ದರೆ ಮುಂದೆ ಓದುತ್ತ ಕೂಡಬೇಡಿ, ಆಸ್ಪತ್ರೆಗೆ ಹೊರಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

– ಮೂತ್ರಕ್ಕೆ ಅವಸರವಾಗುತ್ತಿದ್ದರೂ ಬರುತ್ತಿಲ್ಲ, ಕೆಳಹೊಟ್ಟೆ ಬಿಗಿದು ನೋಯುತ್ತಿದೆ
– ರಕ್ತದ ಹೆಪ್ಪುಗಳು ಬೀಳುತ್ತಿವೆ
– ನಡುಗುವ ಚಳಿಜ್ವರ, ಬೆನ್ನಿನ ಪಕ್ಕೆಯಲ್ಲಿ ನೋವು, ವಾಂತಿ
– ಎದ್ದರೆ ಕಣ್ಣು ಕತ್ತಲೆ, ಎದೆ ಡವಡವ
– ಗರ್ಭಿಣಿ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯವರು, ಕೀಮೋ ನಡೆದಿರುವವರು, ಕಿಡ್ನಿ ಅಥವಾ ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡವರು

ಮೊದಲಿನ ಎರಡು ಒಟ್ಟಿಗೆ ಇದ್ದರೆ ಹೆಪ್ಪು ಮೂತ್ರಕೋಶದ ಬಾಯಿಗೆ ಅಡ್ಡ ಕೂತಿದೆ ಎಂದು ತಿಳಿಯಿರಿ. ಆಗ ಜಾಸ್ತಿ ನೀರು ಕುಡಿಸುವುದು ತಪ್ಪು. ಹೊರಹೋಗಲು ದಾರಿಯಿಲ್ಲದೆ ಮೂತ್ರಕೋಶ ಇನ್ನಷ್ಟು ಹಿಗ್ಗುತ್ತದೆ, ಹಿಗ್ಗಿದ ಗೋಡೆಯಿಂದ ಇನ್ನಷ್ಟು ರಕ್ತ ಬರುತ್ತದೆ.

ರಕ್ತವೇ ಹೌದೇ, ಎಲ್ಲಿಂದ ಬಂತು

ಬೀಟ್‌ರೂಟ್ ತಿಂದ ಮರುದಿನ ಕೆಲವರ ಮೂತ್ರ ಕೆಂಪಾಗುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಕಿತ್ತಳೆ-ಕೆಂಪು ಮಾಡುತ್ತದೆ. ಉರಿಗೆ ಕೊಡುವ ಫೆನಾಜೊಪಿರಿಡಿನ್ ಮಾತ್ರೆಯೂ ಹಾಗೇ, ಬಟ್ಟೆಗೆ ಹತ್ತಿದರೆ ಕಲೆ ಹೋಗುವುದಿಲ್ಲ. ಹೆಂಗಸರಲ್ಲಿ ಮುಟ್ಟಿನ ರಕ್ತ ಬೆರೆತಿರಬಹುದು. ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದಡಿ ಕೆಂಪು ರಕ್ತಕಣ ಕಂಡರೆ ಮಾತ್ರ ಅದು ರಕ್ತ. ಒಂದು ನೋಟದಲ್ಲಿ ಮೂರು ಅಥವಾ ಹೆಚ್ಚು ಕಣ ಕಂಡರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮನೆಯಲ್ಲೇ ನೋಡಿಕೊಳ್ಳಬಹುದಾದ ಕೆಲವು ಗುರುತುಗಳಿವೆ, ವೈದ್ಯರು ಕೇಳಿಯೇ ಕೇಳುತ್ತಾರೆ. ಶುರುವಿನಲ್ಲಿ ಮಾತ್ರ ಕೆಂಪಾಗಿ ಆಮೇಲೆ ತಿಳಿಯಾದರೆ ರಕ್ತ ಮೂತ್ರನಾಳದ್ದು. ಕೊನೆಯ ಹನಿಗಳಲ್ಲಿ ಕೆಂಪಾದರೆ ಮೂತ್ರಕೋಶದ ಕುತ್ತಿಗೆ ಅಥವಾ ಪ್ರಾಸ್ಟೇಟ್ ಕಡೆಯದು. ಮೊದಲಿನಿಂದ ಕೊನೆಯವರೆಗೆ ಒಂದೇ ಕೆಂಪಿದ್ದರೆ ಮೂತ್ರಕೋಶದ್ದು ಇಲ್ಲವೇ ಅದಕ್ಕೂ ಮೇಲಿನದು. ಹೆಪ್ಪು ದಪ್ಪವಾಗಿ ಆಕಾರವಿಲ್ಲದಿದ್ದರೆ ಮೂತ್ರಕೋಶದಲ್ಲಿ ಕಟ್ಟಿದ್ದು. ತೆಳ್ಳಗೆ ಹುಳದಂತೆ ಉದ್ದವಿದ್ದರೆ ಕಿಡ್ನಿಯಿಂದ ಇಳಿಯುವ ನಾಳದಲ್ಲಿ ಕಟ್ಟಿದ್ದು. ಮಕ್ಕಳಲ್ಲಿ ಗಂಟಲುಬೇನೆಯಾಗಿ ಒಂದರಿಂದ ಮೂರು ವಾರಕ್ಕೆ, ಅಥವಾ ಚರ್ಮದ ಹುಣ್ಣಾಗಿ ಮೂರರಿಂದ ಆರು ವಾರಕ್ಕೆ ಮೂತ್ರ ಕಡಕ್ ಚಹಾದ ಬಣ್ಣಕ್ಕೆ ತಿರುಗಿ, ಬೆಳಿಗ್ಗೆ ಮುಖ ಬಾತಿದ್ದರೆ ತೊಂದರೆ ಕಿಡ್ನಿಯಲ್ಲಿದೆ, ಮೂತ್ರಕೋಶದಲ್ಲಲ್ಲ. ಅದಕ್ಕೆ ತಡಮಾಡದೆ ರಕ್ತದೊತ್ತಡ ನೋಡಿಸಬೇಕು.

ಉರಿ, ಪದೇಪದೇ ಅವಸರ, ಕೆಳಹೊಟ್ಟೆ ನೋವು ಜೊತೆಗಿದ್ದರೆ ಉರಿಯೂತದ ಕಡೆ ಬೆರಳು ತೋರುತ್ತದೆ. ನೋವೇ ಇಲ್ಲದೆ ರಕ್ತ ಬಂದರೆ ಸಮಾಧಾನಪಡುವವರು ಬಹಳ. ನೋವಿಲ್ಲದ ರಕ್ತವೇ ಹೆಚ್ಚು ಅನುಮಾನದ್ದು. ಅದರಲ್ಲೂ 40 ದಾಟಿದವರು, ಬೀಡಿ-ಸಿಗರೇಟು ಸೇದುವವರು ಅಥವಾ ಹಿಂದೆ ಸೇದಿದವರು ಒಳಗೆ ಕ್ಯಾಮೆರಾ ಹಾಕಿ ನೋಡುವ ಸಿಸ್ಟೋಸ್ಕೋಪಿಯನ್ನು ಮುಂದೂಡಬಾರದು. ಬೀಡಿಯ ವಿಷಗಳು ರಕ್ತದಿಂದ ಸೋಸಿ ಮೂತ್ರಕ್ಕೆ ಬಂದು ಮೂತ್ರಕೋಶದಲ್ಲೇ ತಾಸುಗಟ್ಟಲೆ ನಿಲ್ಲುತ್ತವೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಲ್ಲೂ ‘ಆ ಮಾತ್ರೆಯಿಂದಲೇ ಬಂತು’ ಎಂದು ಕೈಬಿಡುವಂತಿಲ್ಲ, ತಪಾಸಣೆ ಆಗಲೇಬೇಕು. ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಆ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು.

ಮೂತ್ರ ಹಿಡಿಯುವುದು, ಕೊಡುವುದು

ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಹಾಳಾಗುವುದು ಲ್ಯಾಬಿಗಿಂತ ಮೊದಲೇ, ಬಚ್ಚಲಿನಲ್ಲಿ. ಕ್ರಮ ಹೀಗೆ. ಆಂಟಿಬಯೋಟಿಕ್‌ನ ಮೊದಲ ಮಾತ್ರೆ ನುಂಗುವ ಮುಂಚೆ ಹಿಡಿಯಿರಿ; ಒಂದೇ ಡೋಸ್ ಬಿದ್ದರೂ ಬ್ಯಾಕ್ಟೀರಿಯಾ ಬೆಳೆಯದೆ ವರದಿ ಸುಳ್ಳು ಹೇಳಬಹುದು. ಕೈ ಸೋಪಿನಿಂದ ತೊಳೆಯಿರಿ. ಹೆಂಗಸರು ಯೋನಿಯ ತುಟಿಗಳನ್ನು ಬಿಡಿಸಿ ಹಿಡಿದು ಮುಂದಿನಿಂದ ಹಿಂದಕ್ಕೆ ಬರೀ ನೀರಿನಲ್ಲಿ ತೊಳೆದುಕೊಳ್ಳಬೇಕು. ಗಂಡಸರು ಮುಂದೊಗಲು ಹಿಂದೆ ಸರಿಸಿ ತೊಳೆಯಬೇಕು. ಮೊದಲ ಧಾರೆಯನ್ನು ಹೊರಗೆ ಬಿಟ್ಟು, ನಡುವಿನದನ್ನು ಲ್ಯಾಬ್ ಕೊಟ್ಟ ಸ್ಟೆರೈಲ್ ಡಬ್ಬಿಗೆ 20–30 ಮಿ.ಲೀ. ಹಿಡಿದು, ಕೊನೆಯದನ್ನೂ ಹೊರಗೆ ಬಿಡಿ. ಡಬ್ಬಿಯ ಒಳಗೆ ಬೆರಳು ತಾಗಬಾರದು. ಮನೆಯಲ್ಲಿ ತೊಳೆದಿಟ್ಟ ಔಷಧಿ ಬಾಟಲಿ ನಡೆಯುವುದಿಲ್ಲ.

ಹಿಡಿದ ಮೂತ್ರ ಎರಡು ತಾಸಿನೊಳಗೆ ಲ್ಯಾಬ್ ಸೇರಬೇಕು. ಇಲ್ಲದಿದ್ದರೆ ಫ್ರಿಜ್‌ನಲ್ಲಿ, ಕೆಳಗಿನ ಖಾನೆಯಲ್ಲಿ, 24 ತಾಸಿನವರೆಗೆ ಇಡಬಹುದು, ಫ್ರೀಜರ್‌ನಲ್ಲಿ ಬೇಡ. ರೋಣದಿಂದಲೋ ಹಿರೇಕೆರೂರಿನಿಂದಲೋ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಬಸ್ಸು ಹತ್ತಿ ಹುಬ್ಬಳ್ಳಿಗೆ ಬಂದರೆ, ಬ್ಯಾಸಗಿಯ ಬಿಸಿಲಿನಲ್ಲಿ ನಾಲ್ಕು ಬ್ಯಾಕ್ಟೀರಿಯಾ ನಾಲ್ಕು ಸಾವಿರವಾಗಿ ಇಲ್ಲದ ಸೋಂಕು ವರದಿಯಲ್ಲಿ ಕಾಣಿಸುತ್ತದೆ. ಊರ ಹತ್ತಿರದ ಲ್ಯಾಬಿನಲ್ಲೇ ಕೊಡಿ, ಇಲ್ಲವೇ ಹುಬ್ಬಳ್ಳಿಗೆ ಬಂದ ಮೇಲೆ ಅಲ್ಲಿಯೇ ಹಿಡಿಯಿರಿ. ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಬಗ್ಗುತ್ತದೆ ಎಂಬ ವರದಿಗೆ ಸಾಮಾನ್ಯವಾಗಿ ಎರಡು ಮೂರು ದಿನ ಹಿಡಿಯುತ್ತದೆ.

ಬ್ಯಾಕ್ಟೀರಿಯಾದಿಂದ ಬಂದರೆ

ಇದೇ ಎಲ್ಲಕ್ಕಿಂತ ಸಾಮಾನ್ಯ, ಹೆಂಗಸರಲ್ಲಿ ಹೆಚ್ಚು. ಕರುಳಿನಲ್ಲಿರುವ ಇ. ಕೋಲೈ ಮೂತ್ರನಾಳ ಹತ್ತಿ ಮೂತ್ರಕೋಶ ಸೇರುತ್ತದೆ. ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋದ ಹೆಣ್ಣುಮಕ್ಕಳು ಮರೆ ಸಿಗದೆ ಮೂತ್ರ ಕಟ್ಟಿಕೊಳ್ಳುತ್ತಾರೆ, ಹೋಗಬೇಕಾಗುತ್ತದೆಂದು ನೀರೇ ಕುಡಿಯುವುದಿಲ್ಲ. ನಿಂತ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಈ ಹೆಣ್ಣುಮಕ್ಕಳಿಗೆ ನೀರು ಕುಡಿಯಿರಿ ಎಂದಷ್ಟೇ ಹೇಳಿದರೆ ಸಾಲದು, ಹೊಲದಲ್ಲಿ ಒಂದು ಮರೆಯನ್ನೂ ಮಾಡಿಕೊಡಬೇಕು.

ಗರ್ಭಿಣಿಯಲ್ಲದ, ಬೇರೆ ಕಾಯಿಲೆ ಇಲ್ಲದ ಹೆಂಗಸಿಗೆ ವೈದ್ಯರು ಸಾಮಾನ್ಯವಾಗಿ ಬರೆಯುವುದು ಎರಡರಲ್ಲಿ ಒಂದು. ನೈಟ್ರೊಫ್ಯುರಾಂಟೊಯಿನ್ 100 ಮಿ.ಗ್ರಾಂ. (ನಿಧಾನವಾಗಿ ಬಿಡುಗಡೆಯಾಗುವ ತರಹದ್ದು), ದಿನಕ್ಕೆ ಎರಡು ಸಲ, ಐದು ದಿನ, ಊಟದ ಜೊತೆಗೆ. ಅಥವಾ ಫಾಸ್ಫೊಮೈಸಿನ್ 3 ಗ್ರಾಂ. ಪುಡಿ, ಅರ್ಧ ಲೋಟ ನೀರಿನಲ್ಲಿ ಕಲಸಿ, ರಾತ್ರಿ ಮೂತ್ರ ಮಾಡಿ ಮಲಗುವ ಮುಂಚೆ ಒಂದೇ ಸಲ. ಕಿಡ್ನಿ ಬಹಳ ಸೋತವರಿಗೆ ಮತ್ತು ಹೆರಿಗೆ ಹತ್ತಿರ ಬಂದ ಗರ್ಭಿಣಿಗೆ ನೈಟ್ರೊಫ್ಯುರಾಂಟೊಯಿನ್ ಕೊಡುವುದಿಲ್ಲ. ಅದು ಮೂತ್ರವನ್ನು ಕಡು ಹಳದಿ ಅಥವಾ ಕಂದು ಮಾಡುತ್ತದೆ, ಗಾಬರಿ ಬೇಡ. ಜ್ವರ, ಪಕ್ಕೆ ನೋವು ಇದ್ದರೆ ಇವೆರಡೂ ಸಾಲುವುದಿಲ್ಲ, ಕಿಡ್ನಿಯ ಮಾಂಸದಲ್ಲಿ ಇವು ಸಾಕಷ್ಟು ಸೇರುವುದಿಲ್ಲ.

ಇಲ್ಲಿ ಸಾಮಾನ್ಯವಾಗಿ ತಪ್ಪುವುದು ಮೂರು ಕಡೆ. ಮೊದಲನೆಯದು, ಔಷಧಿ ಅಂಗಡಿಯಲ್ಲಿ ಕೇಳಿ ನಾರ್‌ಫ್ಲಾಕ್ಸಾಸಿನ್, ಸಿಪ್ರೊಫ್ಲಾಕ್ಸಾಸಿನ್ ತಂದು ಎರಡು ದಿನ ನುಂಗಿ ಬಿಡುವುದು. ನಮ್ಮ ದೇಶದ ಇ. ಕೋಲೈ ಬಹುಪಾಲು ಇವಕ್ಕೆ ಜಗ್ಗುವುದಿಲ್ಲ. ಎರಡನೆಯದು, ನೈಟ್ರೊಫ್ಯುರಾಂಟೊಯಿನ್ ಜೊತೆಗೆ ಉರಿ ಕಡಿಮೆ ಮಾಡುವ ಸಿಟ್ರೇಟ್ ಸಿರಪ್ ಕುಡಿಯುವುದು. ಆ ಔಷಧಿಗೆ ಹುಳಿ ಮೂತ್ರ ಬೇಕು. ಸಿರಪ್ ಮೂತ್ರವನ್ನು ಕ್ಷಾರ ಮಾಡಿ ಅದರ ಬಲ ತಗ್ಗಿಸುತ್ತದೆ. ಮೂರನೆಯದು, ನೋವಿಗೆಂದು ಡೈಕ್ಲೊಫೆನಾಕ್ ನುಂಗುವುದು. ಅದು ರಕ್ತ ಕಟ್ಟುವುದನ್ನು ಸಡಿಲಿಸುತ್ತದೆ, ಕಿಡ್ನಿಗೂ ಹೊರೆ. ಪ್ಯಾರಾಸಿಟಮಾಲ್ ಸಾಕು.

ಔಷಧಿ ಶುರುವಾದ ಎರಡು ಮೂರು ದಿನಕ್ಕೆ ಉರಿ ಇಳಿಯಬೇಕು, ರಕ್ತ ನಿಲ್ಲಬೇಕು. ಇಳಿಯದಿದ್ದರೆ ಕಲ್ಚರ್ ವರದಿ ನೋಡಿ ಔಷಧಿ ಬದಲಿಸಬೇಕು, ಸ್ಕ್ಯಾನ್ ಮಾಡಿಸಿ ಹರಳು ಇದೆಯೇ ನೋಡಬೇಕು. ಕೀವುಕಣ ತುಂಬಾ ಇದ್ದು ಕಲ್ಚರ್‌ನಲ್ಲಿ ಏನೂ ಬೆಳೆಯದೆ, ತಿಂಗಳುಗಟ್ಟಲೆ ಉರಿ ಎಳೆಯುತ್ತಿದ್ದರೆ ಮೂತ್ರಕೋಶದ ಕ್ಷಯವನ್ನು ಮರೆಯಬಾರದು. ಅದಕ್ಕೆ ಬೆಳಿಗ್ಗೆಯ ಮೊದಲ ಮೂತ್ರವನ್ನು ಮೂರು ದಿನ ಸತತವಾಗಿ ಕೊಡಬೇಕಾಗುತ್ತದೆ.

ವೈರಸ್‌ನಿಂದ ಬಂದರೆ

ಮಕ್ಕಳಲ್ಲಿ ಅಡಿನೊವೈರಸ್ ಒಂದ್ಸಲಕ್ಕೆ ಮೂತ್ರವನ್ನು ಕೆಂಪು ಮಾಡಿ ತಂದೆತಾಯಿಯ ಜೀವ ಬಾಯಿಗೆ ತರುತ್ತದೆ. ಬೇರೆ ತೊಂದರೆ ಇಲ್ಲದ ಮಗುವಿನಲ್ಲಿ ರಕ್ತ ಕೆಲವೇ ದಿನಗಳಲ್ಲಿ ನಿಲ್ಲುತ್ತದೆ, ಉರಿ ಒಂದೆರಡು ವಾರ ಉಳಿಯಬಹುದು. ಆಂಟಿಬಯೋಟಿಕ್ ಬೇಕಾಗಿಲ್ಲ. ಕಸಿ ಮಾಡಿಸಿಕೊಂಡವರ ಮಾತು ಬೇರೆ: ಅವರಲ್ಲಿ ಬಿಕೆ ವೈರಸ್ ತಲೆ ಎತ್ತಿ ವಾರಗಟ್ಟಲೆ ರಕ್ತ ಹರಿಸಬಹುದು. ಪ್ರತಿರೋಧ ತಗ್ಗಿಸುವ ಔಷಧಿಯ ಪ್ರಮಾಣ ಇಳಿಸುವುದೇ ಅಲ್ಲಿ ಮೊದಲ ಹೆಜ್ಜೆ, ಅದನ್ನು ಕಸಿ ಮಾಡಿದ ತಂಡ ಮಾತ್ರ ನಿರ್ಧರಿಸಬೇಕು.

ಕೀಮೋ ಔಷಧಿಯಿಂದ ಬಂದರೆ

ಸೈಕ್ಲೊಫಾಸ್ಫಮೈಡ್, ಐಫಾಸ್ಫಮೈಡ್ ಎಂಬ ಎರಡು ಔಷಧಿಗಳು ದೇಹದಲ್ಲಿ ಒಡೆದಾಗ ಅಕ್ರೋಲಿನ್ ಎಂಬ ವಿಷ ಹುಟ್ಟಿ ಮೂತ್ರಕ್ಕೆ ಬರುತ್ತದೆ. ಅದು ಒಳಪದರವನ್ನು ಸುಡುತ್ತದೆ. ಲೂಪಸ್‌ನಂಥ ಕಾಯಿಲೆಗೂ ಸೈಕ್ಲೊಫಾಸ್ಫಮೈಡ್ ಕೊಡುತ್ತಾರೆ, ಆದ್ದರಿಂದ ಕ್ಯಾನ್ಸರ್ ಇಲ್ಲದವರಿಗೂ ಈ ಮಾತು ಸಲ್ಲುತ್ತದೆ.

ತಡೆಯುವುದು ಮೂರರಿಂದ: ನೀರು, ಮೂತ್ರಕೋಶ ಖಾಲಿ ಇಡುವುದು, ಮೆಸ್ನಾ ಎಂಬ ರಕ್ಷಕ ಔಷಧಿ. ಸೈಕ್ಲೊಫಾಸ್ಫಮೈಡ್ ಮಾತ್ರೆ ರೂಪದಲ್ಲಿದ್ದರೆ ಬೆಳಿಗ್ಗೆಯೇ ನುಂಗಿ, ರಾತ್ರಿ ಬೇಡ. ಹಗಲೆಲ್ಲ ನೀರು ಕುಡಿದು ಎರಡು ತಾಸಿಗೊಮ್ಮೆ ಮೂತ್ರ ಮಾಡಿ, ಮಲಗುವ ಮುಂಚೆಯೂ ಮಾಡಿ. ರಾತ್ರಿ ನುಂಗಿದರೆ ವಿಷ ಬೆಳಗಿನವರೆಗೆ ಅಲ್ಲೇ ನಿಂತಿರುತ್ತದೆ. ಐಫಾಸ್ಫಮೈಡ್ ಸಲೈನಿನಲ್ಲಿ ಕೊಡುವಾಗ ಮೆಸ್ನಾವನ್ನು ಕಡ್ಡಾಯವಾಗಿ ಜೊತೆಗೆ ಕೊಡುತ್ತಾರೆ. ಸಾಮಾನ್ಯ ಲೆಕ್ಕ: ಐಫಾಸ್ಫಮೈಡ್ ಪ್ರಮಾಣದ 20%, ಶುರುವಿಗೆ ಒಮ್ಮೆ, ನಾಲ್ಕು ತಾಸಿಗೆ ಒಮ್ಮೆ, ಎಂಟು ತಾಸಿಗೆ ಒಮ್ಮೆ. ಕೊನೆಯ ಡೋಸ್ ಸಂಜೆಗೆ ಬೀಳುವುದರಿಂದ, ಡೇ-ಕೇರ್‌ನಲ್ಲಿದ್ದು ಸಂಜೆಯ ಬಸ್ಸಿಗೆ ಅವಸರ ಮಾಡುವವರು ಅದನ್ನು ತಪ್ಪಿಸಿಕೊಳ್ಳುವ ಅಪಾಯವಿದೆ. ಮೂರನೆಯದು ಆಯಿತೇ ಎಂದು ಕೇಳಿಯೇ ಹೊರಡಿ. ಮೆಸ್ನಾ ಅಕ್ರೋಲಿನ್‌ಗೆ ಅಂಟಿ ಅದನ್ನು ನಿರಪಾಯ ಮಾಡುತ್ತದೆ. ಈಗಾಗಲೇ ಸುಟ್ಟ ಜಾಗವನ್ನು ವಾಸಿ ಮಾಡುವುದಿಲ್ಲ. ರಕ್ತ ಶುರುವಾದರೆ ಮುಂದಿನ ಡೋಸ್ ತೆಗೆದುಕೊಳ್ಳುವ ಮೊದಲು ವೈದ್ಯರಿಗೆ ತಿಳಿಸಿ.

ರೇಡಿಯೇಷನ್ ಆದ ಮೇಲೆ

ಜನ ‘ಕರೆಂಟ್ ಕೊಡೋದು’ ಎನ್ನುವ ರೇಡಿಯೇಷನ್ ಗರ್ಭಕೊರಳಿನ ಅಥವಾ ಪ್ರಾಸ್ಟೇಟ್ ಕ್ಯಾನ್ಸರಿಗೆ ಆದಾಗ ಪಕ್ಕದಲ್ಲೇ ಇರುವ ಮೂತ್ರಕೋಶಕ್ಕೂ ತಾಗುತ್ತದೆ. ರಕ್ತ ಆಗಲೇ ಬರಬೇಕೆಂದಿಲ್ಲ, ಆರು ತಿಂಗಳಿಗೋ ಹತ್ತು ವರ್ಷಕ್ಕೋ ಬರಬಹುದು. ಸಣ್ಣ ರಕ್ತನಾಳಗಳು ನಿಧಾನವಾಗಿ ಮುಚ್ಚಿಕೊಂಡು, ಆಮ್ಲಜನಕ ಸಿಗದ ಒಳಪದರ ಬಿಳಿಚಿ, ಅದರ ಮೇಲೆ ಹುಟ್ಟುವ ಹೊಸ ನಾಳಗಳು ಮುಟ್ಟಿದರೆ ಒಡೆಯುವಷ್ಟು ಬಡಕಲಾಗಿರುತ್ತವೆ. ವರ್ಷ ಕಳೆದಿರುವುದರಿಂದ ರೋಗಿಯೇ ಇದನ್ನು ಹಳೆಯ ಚಿಕಿತ್ಸೆಗೆ ಜೋಡಿಸುವುದಿಲ್ಲ, ಹೊಸ ವೈದ್ಯರಿಗೆ ಹೇಳುವುದೂ ಇಲ್ಲ. ಹೇಳಲೇಬೇಕು. ಎಷ್ಟು ಡೋಸ್, ಯಾವ ವರ್ಷ ಎಂಬ ಹಳೆಯ ಡಿಸ್ಚಾರ್ಜ್ ಕಾಗದ ಎಸೆಯಬೇಡಿ. ಹುಬ್ಬಳ್ಳಿ ನವನಗರದ ಕರ್ನಾಟಕ ಕ್ಯಾನ್ಸರ್ ಆಸ್ಪತ್ರೆಯೋ ಬೇರೆಡೆಯೋ, ಎಲ್ಲಿ ಆಗಿದ್ದರೂ ಅಲ್ಲಿಂದ ಸಾರಾಂಶದ ಪ್ರತಿ ಕೇಳಿ ಪಡೆಯಿರಿ. ರೇಡಿಯೇಷನ್ ತಾಗಿದ ಗೋಡೆಯಿಂದ ತುಣುಕು ಕತ್ತರಿಸಿದರೆ ತೂತು ಬಿದ್ದು ವಾಸಿಯಾಗದೆ ಉಳಿಯಬಹುದು. ಹಾಗಾಗಿ ಹಿಂದಿನ ಚಿಕಿತ್ಸೆ ಗೊತ್ತಿದ್ದರೆ ವೈದ್ಯರು ಬಯಾಪ್ಸಿಯನ್ನು ಅಗತ್ಯವಿದ್ದಲ್ಲಿ ಮಾತ್ರ ಮಾಡುತ್ತಾರೆ.

ಇದಕ್ಕಿರುವ ಒಂದು ವಿಶೇಷ ಚಿಕಿತ್ಸೆ ಒತ್ತಡದ ಕೋಣೆಯಲ್ಲಿ ಶುದ್ಧ ಆಮ್ಲಜನಕ ಉಸಿರಾಡುವುದು, ಹೈಪರ್‌ಬ್ಯಾರಿಕ್ ಆಕ್ಸಿಜನ್. 2ರಿಂದ 2.5 ವಾತಾವರಣ ಒತ್ತಡ, ಒಂದೊಂದು ಸಲಕ್ಕೆ ಸುಮಾರು 90 ನಿಮಿಷ, ಒಟ್ಟು 30–40 ಸಲ. ವಾರಕ್ಕೆ ಐದು ದಿನದಂತೆ ಆರರಿಂದ ಎಂಟು ವಾರ ಹಿಡಿಯುತ್ತದೆ. ಎಲ್ಲ ಊರಿನಲ್ಲೂ ಸಿಗದು. ರಕ್ತ ಶುರುವಾದ ಮೇಲೆ ಬೇಗ ಆರಂಭಿಸಿದವರಲ್ಲಿ ಫಲ ಹೆಚ್ಚು, ಆದ್ದರಿಂದ ಎಲ್ಲ ಮುಗಿದ ಮೇಲೆ ಕೇಳುವ ಬದಲು ಮೊದಲ ಭೇಟಿಯಲ್ಲೇ ಕೇಳಿ.

ಹೆಪ್ಪು ತೆಗೆಯುವುದು, ಮೂರು ದಾರಿಯ ಕ್ಯಾಥೆಟರ್

ಕಾರಣ ಯಾವುದೇ ಇರಲಿ, ಹೆಪ್ಪು ಕಟ್ಟಿದರೆ ಮೊದಲ ಕೆಲಸ ಇದೇ. ಹೆಪ್ಪು ಒಳಗಿರುವವರೆಗೆ ಮೂತ್ರಕೋಶ ಕುಗ್ಗಲಾರದು, ಕುಗ್ಗದಿದ್ದರೆ ರಕ್ತ ನಿಲ್ಲದು. ಮಾಮೂಲಿ 16 ನಂಬರಿನ ತೆಳು ಪೈಪು ಹಾಕಿದರೆ ಬೇಗನೆ ಕಟ್ಟಿಕೊಳ್ಳುತ್ತದೆ. 22 ಅಥವಾ 24 ನಂಬರಿನ, ಮೂರು ಬಾಯಿಯ ಕ್ಯಾಥೆಟರ್ ಬೇಕು: ಒಂದು ಬಲೂನಿಗೆ, ಒಂದು ಸಲೈನ್ ಒಳಹೋಗಲು, ಒಂದು ಹೊರಬರಲು. ಮೊದಲು ದೊಡ್ಡ 50–60 ಮಿ.ಲೀ. ಸಿರಿಂಜಿನಲ್ಲಿ ನಾರ್ಮಲ್ ಸಲೈನ್ ಒತ್ತಿ, ಹಿಂದಕ್ಕೆ ಎಳೆದು, ಹೆಪ್ಪು ಪೂರ್ತಿ ಬರುವವರೆಗೆ ಕೈಯಿಂದ ತೆಗೆಯುತ್ತಾರೆ. ಆಮೇಲೆಯೇ ಸತತ ತೊಳೆತ. ಹೆಪ್ಪು ಉಳಿಸಿ ತೊಳೆತ ಶುರು ಮಾಡಿದರೆ ಮತ್ತೆ ಅಡ್ಡ ಕೂಡುತ್ತದೆ. ತೊಳೆಯಲು ಬರೀ ನೀರು ಬಳಸುವುದಿಲ್ಲ. ಅದು ರಕ್ತಕ್ಕೆ ಸೇರಿ ಸೋಡಿಯಂ ಇಳಿಸುತ್ತದೆ.

ರಾತ್ರಿ ಪಕ್ಕದಲ್ಲಿ ಕೂಡುವ ಮನೆಯವರ ಕೈಯಲ್ಲಿ ಈ ಚಿಕಿತ್ಸೆಯ ಅರ್ಧ ಯಶಸ್ಸಿದೆ. ನೋಡಬೇಕಾದದ್ದು ಹೊರಬರುವ ಪೈಪಿನ ಬಣ್ಣ, ಅದರ ಹನಿ. ತಿಳಿ ಗುಲಾಬಿ ಇದ್ದರೆ ವೇಗ ಸರಿಯಿದೆ. ಟೊಮೆಟೊ ಸಾರಿನ ಬಣ್ಣಕ್ಕೆ ತಿರುಗಿದರೆ ಸಿಸ್ಟರ್‌ಗೆ ಹೇಳಿ, ಅವರು ಸಲೈನಿನ ವೇಗ ಏರಿಸುತ್ತಾರೆ. ಹೊರಗಿನ ಪೈಪು ನಿಂತುಹೋದರೆ ತಕ್ಷಣ ಒಳಹೋಗುವ ಸಲೈನಿನ ಚಕ್ರ ತಿರುಗಿಸಿ ಬಂದ್ ಮಾಡಿ, ಆಮೇಲೆ ಸಿಸ್ಟರ್‌ಗೆ ಕರೆಯಿರಿ. ಒಳಗೆ ಹೋಗುತ್ತಲೇ ಇದ್ದು ಹೊರಗೆ ಬಾರದಿದ್ದರೆ ಮೂತ್ರಕೋಶ ಒಡೆಯಬಹುದು. ಪೈಪು ಮಡಚಿ ರೋಗಿಯ ತೊಡೆಯಡಿ ಸಿಕ್ಕಿದೆಯೇ ನೋಡಿ. ಹಲವು ಸಲ ಇಷ್ಟೇ ಇರುತ್ತದೆ. ಒಂದು ಹಾಳೆಯಲ್ಲಿ ಎರಡು ಸಾಲು ಹಾಕಿ: ಎಷ್ಟು ಒಳಗೆ ಹೋಯಿತು, ಚೀಲದಿಂದ ಎಷ್ಟು ಸುರಿದೆವು. ಹೊರಬಂದದ್ದು ಯಾವಾಗಲೂ ಹೆಚ್ಚಿರಬೇಕು, ಆ ಹೆಚ್ಚುವರಿಯೇ ನಿಜವಾದ ಮೂತ್ರ. ಮೂತ್ರದ ಚೀಲ ಮಂಚಕ್ಕಿಂತ ಕೆಳಗೆ ತೂಗಿರಲಿ, ನೆಲ ತಾಗದಿರಲಿ.

ಅಷ್ಟಕ್ಕೂ ನಿಲ್ಲದಿದ್ದರೆ

ಅರಿವಳಿಕೆ ಕೊಟ್ಟು ಸಿಸ್ಟೋಸ್ಕೋಪಿ ಮಾಡಿ, ಉಳಿದ ಹೆಪ್ಪು ತೆಗೆದು, ರಕ್ತ ಚಿಮ್ಮುವ ನಾಳಗಳನ್ನು ವಿದ್ಯುತ್ತಿನಿಂದ ಸುಟ್ಟು ಮುಚ್ಚುತ್ತಾರೆ. ಮುಂದಿನ ಮೆಟ್ಟಿಲು ಪಟಿಕ, ನಮ್ಮ ಕಡೆಯ ತುರಟಿ: 50 ಗ್ರಾಂ. ಶುದ್ಧ ಪಟಿಕವನ್ನು 5 ಲೀಟರ್ ಸ್ಟೆರೈಲ್ ನೀರಿನಲ್ಲಿ ಕರಗಿಸಿದ 1% ದ್ರಾವಣವನ್ನು ಕ್ಯಾಥೆಟರಿನಿಂದ ತಾಸಿಗೆ 200–300 ಮಿ.ಲೀ. ಹರಿಸುತ್ತಾರೆ. ಅದು ಮೇಲ್ಪದರದ ಪ್ರೋಟೀನನ್ನು ಗಟ್ಟಿಗೊಳಿಸಿ ನಾಳಗಳ ಬಾಯಿ ಬಿಗಿಯುತ್ತದೆ. ಇದು ಆಸ್ಪತ್ರೆಯ ಕೆಲಸ. ಅಂಗಡಿಯ ತುರಟಿಯನ್ನು ನೀರಿಗೆ ಹಾಕಿ ಕುಡಿಸುವುದರಿಂದ ಏನೂ ಆಗದು, ಹಾನಿಯಾಗಬಹುದು. ಕಿಡ್ನಿ ಸೋತವರಲ್ಲಿ ಪಟಿಕದಲ್ಲಿರುವ ಅಲ್ಯೂಮಿನಿಯಂ ರಕ್ತದಲ್ಲಿ ಸೇರಿಕೊಳ್ಳುತ್ತದೆ. ಈ ತೊಳೆತ ನಡೆದಾಗ ರೋಗಿ ಮಂಪರಾದರೆ, ಮಾತು ತೊದಲಿದರೆ ಕೂಡಲೇ ತಿಳಿಸಿ.

ಅದಕ್ಕೂ ನಿಲ್ಲದಿದ್ದರೆ ಮೂತ್ರಕೋಶಕ್ಕೆ ಫಾರ್ಮಲಿನ್ ದ್ರಾವಣ, 1%ನಿಂದ ಶುರು, ಅರಿವಳಿಕೆಯಲ್ಲಿ ಮಾತ್ರ. ಅದಕ್ಕೂ ಮುಂಚೆ ಮೂತ್ರ ಕಿಡ್ನಿಗೆ ಹಿಂದೆ ಹರಿಯುತ್ತದೆಯೇ ಎಂದು ಎಕ್ಸ್‌ರೇ ತೆಗೆದು ನೋಡಲೇಬೇಕು, ಹರಿದರೆ ಕಿಡ್ನಿ ಸುಡುತ್ತದೆ. ತೊಡೆಸಂದಿಯ ನಾಳದಿಂದ ತಂತಿ ಹೋಗಿಸಿ ಮೂತ್ರಕೋಶದ ರಕ್ತನಾಳ ಮುಚ್ಚುವ ಎಂಬೊಲೈಸೇಷನ್ ಇನ್ನೊಂದು ದಾರಿ. ಮೂತ್ರಕೋಶ ತೆಗೆದು ಮೂತ್ರಕ್ಕೆ ಹೊಟ್ಟೆಯ ಮೇಲೆ ದಾರಿ ಮಾಡುವುದು ಕಟ್ಟಕಡೆಯದು. ರಕ್ತ ನಿಲ್ಲಿಸಲು ಟ್ರಾನೆಕ್ಸಮಿಕ್ ಆಸಿಡ್ ಮಾತ್ರೆಯನ್ನು ಸ್ವಂತಕ್ಕೆ ತಂದು ನುಂಗಬೇಡಿ. ಅದು ಹೆಪ್ಪನ್ನು ಕಲ್ಲಿನಷ್ಟು ಗಟ್ಟಿ ಮಾಡಿ, ಸಿರಿಂಜಿನಿಂದ ಎಳೆದರೂ ಬಾರದಂತಾಗಿಸಬಹುದು.

ಹೊರಡುವ ಮುಂಚೆ, ಮನೆಗೆ ಬಂದ ಮೇಲೆ

ಮೂತ್ರ ಪರೀಕ್ಷೆ, ಹಿಮೋಗ್ಲೋಬಿನ್, ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್, ಹೊಟ್ಟೆಯ ಸ್ಕ್ಯಾನ್ ಇವಿಷ್ಟಕ್ಕೆ ಗದಗ, ಹಾವೇರಿಯ ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆ ಸಾಕು. ಸಿಸ್ಟೋಸ್ಕೋಪಿಗೆ ಯುರಾಲಜಿ ವೈದ್ಯರು ಬೇಕು, ಅದಕ್ಕೆ ಹೆಚ್ಚಿನವರು ಹುಬ್ಬಳ್ಳಿಯ ಸರ್ಕಾರಿ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಗೋ ಧಾರವಾಡದ ಸತ್ತೂರಿನ ಎಸ್‌ಡಿಎಮ್ ಆಸ್ಪತ್ರೆಗೋ ಬರುತ್ತಾರೆ. ಗದಗದಿಂದ ಹುಬ್ಬಳ್ಳಿ ಸುಮಾರು 60 ಕಿ.ಮೀ., ಹಾವೇರಿಯಿಂದ ಸುಮಾರು 75. ಮೂತ್ರ ಕಟ್ಟಿದವರನ್ನು ಹಾಗೇ ಅಷ್ಟು ದೂರ ಕರೆತರಬೇಡಿ. ಹತ್ತಿರದ ಆಸ್ಪತ್ರೆಯಲ್ಲಿ ಕ್ಯಾಥೆಟರ್ ಹಾಕಿಸಿ, ಖಾಲಿ ಮಾಡಿಸಿ ಹೊರಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ತುರ್ತಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ರೇಷನ್ ಕಾರ್ಡ್, ಆಧಾರ್, ಹಳೆಯ ಕಾಗದಗಳ ಜೊತೆಗೆ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ಒಯ್ಯಿರಿ, ನಾಟಿ ಔಷಧಿ ಇದ್ದರೆ ಅದನ್ನೂ.

ಕ್ಯಾಥೆಟರ್ ತೆಗೆದ ಮೇಲೆ ಮೊದಲ ಆರು ತಾಸಿನಲ್ಲಿ ಮೂತ್ರ ಬಂತೇ ನೋಡಿ, ಬಾರದಿದ್ದರೆ ಮತ್ತೆ ಹೋಗಿ. ಒಂದೆರಡು ದಿನ ನಸುಗೆಂಪು ಸಹಜ. ಹೃದಯ, ಕಿಡ್ನಿ ತೊಂದರೆ ಇಲ್ಲದವರು ದಿನಕ್ಕೆ ಎರಡೂವರೆ ಮೂರು ಲೀಟರ್ ನೀರು ಕುಡಿಯಬೇಕು. ಮಜ್ಜಿಗೆ, ಹವೀಜದ ನೀರು ಈಗ ಎಷ್ಟು ಬೇಕಾದರೂ ಕುಡಿಯಿರಿ. ಮಲಬದ್ಧತೆ ಆಗದಂತೆ ನೋಡಿಕೊಳ್ಳಿ, ತಿಣುಕಿದರೆ ರಕ್ತ ಮತ್ತೆ ಒಸರುತ್ತದೆ. ಸೋಂಕು ವಾಸಿಯಾದವರು ನಾಲ್ಕರಿಂದ ಆರು ವಾರಕ್ಕೆ ಮೂತ್ರ ಪರೀಕ್ಷೆ ಮತ್ತೊಮ್ಮೆ ಮಾಡಿಸಬೇಕು. ಆಗಲೂ ರಕ್ತಕಣ ಉಳಿದಿದ್ದರೆ ಅದನ್ನು ಸೋಂಕಿನ ಲೆಕ್ಕಕ್ಕೆ ಬರೆಯಬೇಡಿ, ಸಿಸ್ಟೋಸ್ಕೋಪಿ ಕೇಳಿ. ಸೈಕ್ಲೊಫಾಸ್ಫಮೈಡ್ ತೆಗೆದುಕೊಂಡವರಲ್ಲಿ ವರ್ಷಗಳ ನಂತರ ಮೂತ್ರಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಇತರರಿಗಿಂತ ಹೆಚ್ಚು. ಅವರು ಔಷಧಿ ನಿಂತ ಮೇಲೂ ವರ್ಷಕ್ಕೊಮ್ಮೆಯಾದರೂ ಮೂತ್ರ ಪರೀಕ್ಷೆ ಮಾಡಿಸುತ್ತಿರಬೇಕು.